ಕಾಣೆಯಾದ ಒಂದೂವರೆ ಗ್ಯಾಲನ್

೮ ಫೆಬ್ರವರಿ ೧೯೨೭, ಮಂಗಳವಾರ. ದೀಪ ಹಚ್ಚುವ ಹೊತ್ತು

ಲಾರಿ ಮನೆಗೆ ಬಂತು. ಎತ್ತು ಎಳೆದುಕೊಂಡು ಬಂದವು.

ಅಜ್ಜಂಪುರದ ಸಂತೆಯಿಂದ ವಾಪಸು ಬರುವಾಗ ಬೀರೂರು ದಾಟಿ ಎರಡು ಮೈಲಿಯಲ್ಲಿ ಪೆಟ್ರೋಲ್ ಮುಗಿದಿದೆ. ಮೂಟೆ ಹೊರುವ ಕೆಂಚಪ್ಪ ಕಡೂರಿಗೆ ಓಡಿ ಬಂದು ಹೇಳಿದ. ಹೇಳಿದ್ದು ನನಗಲ್ಲ, ನೇರ ಭಾವನಿಗೆ. ಇವರ ಅಣ್ಣ ಬಸವರಾಜಪ್ಪನವರಿಗೆ. ಅವರು ತಮ್ಮ ಜೋಡಿ ಎತ್ತು ಕಳಿಸಿದರು. ಪೇಟೆ ಬೀದಿಯಲ್ಲಿ ಜನ ಸಾಲಾಗಿ ನಿಂತು ನೋಡಿದರಂತೆ. ಎದುರು ಮನೆ ಸಾವಿತ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು, ನಗು ತಡೆಯಲಿಕ್ಕೆ.

ಭಾವ ಜಗುಲಿಯ ಮೇಲೆ ಕೂತು ಹೇಳಿದರು: "ಹುಲ್ ತಿನ್ನೋವು ಬಂದು ಎಣ್ಣೆ ಕುಡಿಯೋದನ್ನ ಎಳ್ಕಂಡ್ ಬಂದ್ವಲ್ಲಪ್ಪಾ ತೀರ್ಥಪ್ಪ. ಯುಗಾದಿವರೆಗೂ ನೋಡ್ತೀನಿ. ಆಮೇಲೆ ಇದಕ್ಕೊಂದು ಗಿರಾಕಿ ನೋಡಾದೆಯ."

ಲಾರಿ ಬಂದು ಒಂದು ವರ್ಷವೂ ಆಗಿಲ್ಲ. ತೋಟದ ಕಾಯಿ, ಕೊಬ್ಬರಿ, ಊರವರ ಮೂಟೆ — ಎಲ್ಲ ಇದರಲ್ಲೇ ಹೋಗುತ್ತದೆ. ಇವರಿಗೆ ಅದು ಜೀವ. ಹಾಗಿದ್ದೂ ಅಣ್ಣನ ಮುಂದೆ ಕಂಬದ ಹಾಗೆ ನಿಂತರು. ನನಗೆ ಮೈಯೆಲ್ಲ ಉರಿಯಿತು. ಊಟಕ್ಕೆ ಕೂತಾಗ ಅಂದೇಬಿಟ್ಟೆ. "ಒಂದು ಗಾಡಿ ಸಂಭಾಳಿಸಕ್ಕೆ ಕೈಲಾಗದವರು ಯಾಕೆ ತರಬೇಕಿತ್ತು ಇದನ್ನ?"

ತಟ್ಟೆ ಸರಿಸಿ ಎದ್ದು ಹೋದರು. ಮುದ್ದೆ ಮುರಿದೂ ಇರಲಿಲ್ಲ.

ಆಡಿದ್ದು ಜಾಸ್ತಿಯಾಯಿತೇನೋ... ಆದರೆ ಸುಳ್ಳೇನಲ್ಲ.

೯ ಫೆಬ್ರವರಿ. ಬೆಳಿಗ್ಗೆ

ಟ್ಯಾಂಕು ಖಾಲಿಯಾಗಿದ್ದೂ ಒಂದು ರೀತಿ ಅನುಕೂಲವೇ. ಅಳತೆಗೆ ಇದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ. ಅಪ್ಪ ಯಗಟಿ ಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದರು. ನನಗೆ ಬಂದಿರುವ ಆಸ್ತಿ ಅಂದರೆ ಅದೊಂದೇ, ಲೆಕ್ಕ.

ಪೆಟ್ರೋಲ್ ಅಂಗಡಿಯಿಂದ ಗ್ಯಾಲನ್ ಅಳತೆಯ ಡಬ್ಬ ಎರವಲು ತರಿಸಿದೆ. ಟ್ಯಾಂಕು ಇರುವುದು ಸೀಟಿನ ಅಡಿಯಲ್ಲಿ. ಸೀಟು ಎತ್ತಿ, ಒಂದು ಗ್ಯಾಲನ್ ಸುರಿದು, ಬಿದಿರು ಕಡ್ಡಿ ಅದ್ದಿ, ಒದ್ದೆಯಾದ ಕಡೆ ಚಾಕುವಿನಿಂದ ಗೀಟು. ಮತ್ತೊಂದು ಗ್ಯಾಲನ್, ಮತ್ತೊಂದು ಗೀಟು. ಕೆಂಚಪ್ಪ ಕೊಳವೆ ಹಿಡಿದು ನಿಂತಿದ್ದ. "ಅಮ್ಮಾರು ಗಾಡಿಗೆ ಹಾಲು ಕುಡಿಸ್ದಂಗೆ ಕುಡಿಸ್ತಾವ್ರೆ" ಅಂದ. ಇವರು ನೋಡಿ ಒಳಗೆ ಹೋದರು.

ಇನ್ನು ಮೇಲೆ ಒಂದು ಗ್ಯಾಲನ್ನಿಗೆ ಎಷ್ಟು ಮೈಲಿ ಅಂತ ನನಗೆ ಗೊತ್ತಿರುತ್ತದೆ. ಯುಗಾದಿಗೆ ಭಾವ ಕೇಳಿದರೆ ಜಗುಲಿಯ ಮೇಲೆ ಕೂರಿಸಿ ಹೇಳುತ್ತೇನೆ.

ಮಧ್ಯಾಹ್ನ

ಒಂದು ವಿಚಿತ್ರ. ಲಾರಿ ಚಾಲೂ ಮಾಡಲು ಬೀದಿಯ ಗಂಡಸರನ್ನೆಲ್ಲ ಕರೆದು ತಳ್ಳಿಸಿದರು. ಮುಂದೆ ಹ್ಯಾಂಡಲ್ ಇದೆ. ತಿರುಗಿಸಿದರೆ ಆಯಿತು. ಮೊದಲೆಲ್ಲ ಎರಡೇ ಏಟಿಗೆ ಚಾಲೂ ಮಾಡಿ ಮೀಸೆ ತಿರುವುತ್ತಿದ್ದವರು ಇವರೇ. ಕೇಳಿದೆ.

"ಚಳಿಗೆ ಇಂಜಿನ್ ಹಿಡ್ಕಂಡೈತೆ ಕಣೇ."

ಫೆಬ್ರವರಿ ಮಧ್ಯಾಹ್ನ. ಕಡೂರಿನ ಬಿಸಿಲು. ಚಳಿಯಂತೆ.

೧೨ ಫೆಬ್ರವರಿ

ನಿನ್ನೆ ತರೀಕೆರೆಗೆ ಹೋಗಿ ಬಂದರು. ಮೈಲಿಗಲ್ಲಿನ ಲೆಕ್ಕದಲ್ಲಿ ಹೋಗಿ ಬರಲು ನಲವತ್ತು. ಅಳೆಯೋಣ ಅಂದರೆ ಲಾರಿ ಮನೆ ಮುಂದೆ ಇಲ್ಲ. ಸ್ಟೇಷನ್ ರಸ್ತೆಯ ದಿಬ್ಬದ ಮೇಲೆ ಇದೆ. ಸಂಕ್ರಾಂತಿಯಿಂದಲೂ ಅಲ್ಲೇ ನಿಲ್ಲಿಸುವ ಅಭ್ಯಾಸ ಆಗಿದೆ ಇವರಿಗೆ. ದಿಬ್ಬದಿಂದ ಉರುಳಿಸಿಕೊಂಡೇ ಬೆಳಿಗ್ಗೆ ಚಾಲೂ ಮಾಡುತ್ತಾರೆ.

ಕಡ್ಡಿ ಹಿಡಿದು ಅಲ್ಲಿಗೇ ಹೋದೆ. ಇಳಿಜಾರಿನಲ್ಲಿ ನಿಂತ ಟ್ಯಾಂಕಿನಲ್ಲಿ ಪೆಟ್ರೋಲ್ ಒಂದು ಮೂಲೆಗೆ ಸರಿದಿರುತ್ತದೆ. ಮನೆಯ ಗೀಟು ಅಲ್ಲಿ ನಡೆಯುವುದಿಲ್ಲ.

ಸಂಜೆ ಜಗಳ. "ಮಟ್ಟಸ ನೆಲದಲ್ಲಿ ನಿಲ್ಸಿ. ಮನೆ ಮುಂದೆ ಜಾಗ ಇಲ್ವಾ?"

"ಅಲ್ಲೇ ಸರಿ."

"ಯಾಕೆ ಸರಿ?"

"ಸರಿ ಅಂದ್ರೆ ಸರಿ ಕಣೇ. ಎಲ್ಲಾದ್ಕೂ ಯಾಕೆ ಯಾಕೆ ಅಂತೀಯ."

ನಾನು ಅಳೆಯಬಾರದು ಅಂತಲೇ ಇದು. ಬೇರೆ ಏನು ಕಾರಣ ಇರಲು ಸಾಧ್ಯ?

೧೩ ಫೆಬ್ರವರಿ

ಹೊಳೆಯಿತು. ದಿಬ್ಬವಾದರೆ ದಿಬ್ಬವೇ ಇರಲಿ. ದಿನವೂ ಅದೇ ಜಾಗ, ಅದೇ ಕಡೆ ಮುಖ ಆದರೆ ಸಾಕು. ಚಕ್ರ ನಿಲ್ಲುವ ಕಡೆ ನಾಲ್ಕು ಕಲ್ಲು ಹೂಳಿಸಿದೆ. ಹೊರಡುವ ಮುಂಚೆ ಕಡ್ಡಿ ಎಲ್ಲಿಯವರೆಗೆ ಒದ್ದೆಯಾಗುತ್ತದೋ ಗುರುತು. ಬಂದ ಮೇಲೆ ಅದೇ ಗುರುತಿಗೆ ಬರುವವರೆಗೆ ಡಬ್ಬದಲ್ಲಿ ಅಳೆದು ಸುರಿಯುವುದು. ಸುರಿದಷ್ಟೂ ಖರ್ಚು. ಇದಕ್ಕೆ ಮಟ್ಟಸ ನೆಲ ಬೇಡ, ಇವರ ಅಪ್ಪಣೆಯೂ ಬೇಡ.

ಕೆಂಚಪ್ಪನಿಗೆ ಹೇಳಿದ್ದೇನೆ, ಕಲ್ಲಿನ ನೇರಕ್ಕೇ ನಿಲ್ಲಿಸಬೇಕು ಅಂತ. ತಲೆ ಕೆರೆದುಕೊಂಡ. "ಆಯ್ತು ಅಮ್ಮಾರೇ" ಅಂದ. ನನ್ನ ಮುಖ ನೋಡಲಿಲ್ಲ. ಅವನಿಗೆ ಏನೋ ಗೊತ್ತಿದೆ.

೧೫ ಫೆಬ್ರವರಿ, ಮಂಗಳವಾರ. ಸಂಜೆ

ಅಜ್ಜಂಪುರ. ಹೋಗಿ ಬರಲು ಮೂವತ್ತಾರು ಮೈಲಿ. ಸುರಿದದ್ದು ನಾಲ್ಕು ಗ್ಯಾಲನ್ನಿಗೂ ಮೇಲೆ. ಗ್ಯಾಲನ್ನಿಗೆ ಎಂಟೂವರೆ ಮೈಲಿಯೂ ಬರಲಿಲ್ಲ. ಮೂರು ಸಲ ಲೆಕ್ಕ ಹಾಕಿದೆ.

ಮಾರಿದವನು ಹದಿನೈದು ಅಂದಿದ್ದ. ಅವನ ಬಾಯಿ ದೊಡ್ಡದು, ಇರಲಿ. ಆದರೆ ಎಂಟು? ಎತ್ತಿಗೆ ಹಿಂಡಿ ಹಾಕುವುದೇ ವಾಸಿ. ಭಾವನಿಗೆ ಗೊತ್ತಾದರೆ ಯುಗಾದಿವರೆಗೂ ಕಾಯುವುದಿಲ್ಲ.

೧೭ ಫೆಬ್ರವರಿ

ಸುಮ್ಮನೆ ಕೂರಲಾಗುತ್ತಿಲ್ಲ. ಚಕ್ರಗಳಿಗೆ ಗಾಳಿ ಹೊಡೆಸಿದೆ. ಹಿಂದಿನ ಎರಡೂ ಮೆತ್ತಗೆ ಕೂತಿದ್ದವು. ಹಿಂದುಗಡೆ ಬಿದ್ದಿದ್ದ ಹಳೇ ಸರಪಳಿ, ಮುರಿದ ಗುದ್ದಲಿ, ಯಾವ ಕಾಲದ್ದೋ ಒಂದು ಒರಳುಕಲ್ಲು — ಎಲ್ಲ ಇಳಿಸಿದೆ. ಒರಳುಕಲ್ಲು ಊರೂರು ಸುತ್ತಿ ಬಂದಿದೆ, ನಾನು ಬೀರೂರು ಬಿಟ್ಟು ಆಚೆ ಹೋಗಿ ಎಷ್ಟು ದಿನವಾಯಿತು.

ಗಾಳಿಗೆ ಪೆಟ್ರೋಲ್ ಬೆರೆಸುವ ಮಿಕ್ಸ್ಚರ್ ತಿರುಪು ಒಂದಿದೆ. ಅದು ತೀರ ಬಿಚ್ಚಿಕೊಂಡಿತ್ತು. ಇಂಜಿನ್ ಉಸಿರು ಕಟ್ಟದಷ್ಟು, ಕರಿ ಹೊಗೆ ಉಗುಳದಷ್ಟು ಬಿಗಿ ಮಾಡಬೇಕು ಅಂತ ಇವರೇ ಹೇಳಿಕೊಟ್ಟರು. ಲಾರಿಯ ವಿಷಯ ತೆಗೆದರೆ ಮಾತಾಡುತ್ತಾರೆ. ಅರ್ಧ ಗಂಟೆ ಇಬ್ಬರೂ ಬಾನೆಟ್ಟಿನ ಮೇಲೆ ಬಗ್ಗಿಕೊಂಡಿದ್ದೆವು. ಮದುವೆಯಾದ ಹೊಸದರಲ್ಲಿ ಇದ್ದ ಹಾಗೆ. ತಿರುಪು ತಿರುಗಿಸು ಅಂತ ನನಗೇ ಹೇಳಿದರು. ಎಡಗೈಯಲ್ಲಿ ತೋರಿಸಿ ತೋರಿಸಿ ಹೇಳಿದರು. ನನ್ನ ಕೈಯಲ್ಲಿ ಮಾಡಿಸಿದರಲ್ಲ ಅಂತ ಖುಷಿಯಾಯಿತು.

೧೯ ಫೆಬ್ರವರಿ

ನಿನ್ನೆ ತರೀಕೆರೆ. ಗ್ಯಾಲನ್ನಿಗೆ ಹದಿಮೂರೂವರೆ! ಹೋಳಿಗೆ ಮಾಡೋಣ ಅನ್ನಿಸಿತು. ಮಾಡಿದೆ. ಇವರು ತಿಂದರು. ಹೋಳಿಗೆ ತಿಂದರು, ಮುದ್ದೆ ಬೇಡ ಅಂದರು. "ಅನ್ನ ಮಜ್ಜಿಗೆ ಸಾಕು ಕಣೇ, ಹೊಟ್ಟೆ ಸರಿ ಇಲ್ಲ."

ಹೊಟ್ಟೆ ಸರಿ ಇಲ್ಲದವರು ಹೋಳಿಗೆ ತಿನ್ನುತ್ತಾರಾ?

೨೨ ಫೆಬ್ರವರಿ, ಮಂಗಳವಾರ

ಅಜ್ಜಂಪುರ. ಒಂಬತ್ತು.

ಅದೇ ಲಾರಿ, ಅದೇ ಚಕ್ರ, ಅದೇ ಗಾಳಿ, ಅದೇ ತಿರುಪು. ಶುಕ್ರವಾರ ತರೀಕೆರೆಗೆ ಹದಿಮೂರೂವರೆ ಓಡಿದ್ದು ಮಂಗಳವಾರ ಅಜ್ಜಂಪುರಕ್ಕೆ ಒಂಬತ್ತೇ ಓಡುತ್ತದೆ. ರಸ್ತೆ ಅಷ್ಟೇನೂ ಕೆಟ್ಟಿಲ್ಲ. ಹೊರೆಯೂ ಹೆಚ್ಚು ಕಡಿಮೆ ಒಂದೇ. ಹೆಚ್ಚುಕಡಿಮೆ ಒಂದೂವರೆ ಗ್ಯಾಲನ್ ಎಲ್ಲೋ ಹೋಗುತ್ತಿದೆ. ಒಂದೂವರೆ ಗ್ಯಾಲನ್ ಅಂದರೆ ಇಪ್ಪತ್ತು ಮೈಲಿ. ಹೋಗಲು ಹತ್ತು, ಬರಲು ಹತ್ತು.

ಅಜ್ಜಂಪುರದಿಂದ ಹತ್ತು ಮೈಲಿಯಲ್ಲಿ ಯಾವ ಊರಿದೆ? ಯಾರಿದ್ದಾರೆ?

ಇವತ್ತೂ ಮುದ್ದೆ ಬೇಡ ಅಂದರು. "ಅಲ್ಲೇ ತಿಂದ್ಕಂಡ್ ಬಂದೆ."

ಅಲ್ಲೇ. ಎಲ್ಲೇ?

೨೩ ಫೆಬ್ರವರಿ

ಸಾವಿತ್ರಮ್ಮ ಮೊಸರು ಕೇಳುವ ನೆಪದಲ್ಲಿ ಬಂದಳು. ತಟ್ಟೆಯಲ್ಲಿ ಉಳಿದಿದ್ದ ಮುದ್ದೆ ನೋಡಿದಳು. ಅವಳ ಕಣ್ಣಿಗೆ ಬೀಳದೆ ಇರುವುದು ಏನಿದೆ.

"ಏನ್ ಕಮಲಾಕ್ಷಮ್ಮ, ನಿಮ್ಮೆಜಮಾನ್ರು ಮುದ್ದೆ ಬಿಟ್ರಾ?"

"ಹೊಟ್ಟೆ ಸರಿ ಇಲ್ಲ."

"ಗಂಡಸ್ರು ಮನೆ ಮುದ್ದೆ ಬಿಟ್ರು ಅಂದ್ರೆ ಹೊಟ್ಟೆದಲ್ಲ ಕಣ್ರೀ ರೋಗ. ಬೇರೆ ಯಾರೋ ಬಿಸಿ ಬಿಸಿ ತೊಳಸಿ ಹಾಕ್ತಾವ್ರೆ ಅಂತ್ಲೇ ಅರ್ಥ." ನಗುತ್ತಾ ಹೇಳಿದಳು. ಮೊಸರು ತೆಗೆದುಕೊಂಡು ಹೋದಳು. ನಾನೂ ನಕ್ಕೆ. ಅವಳು ಹೋದ ಮೇಲೆ ಅಡುಗೆಮನೆಯಲ್ಲಿ ಕೂತು ಅತ್ತೆ. ಅತ್ತದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ದಿಬ್ಬದ ಮೇಲೆ ಲಾರಿ. ಮುದ್ದೆ ಬೇಡ. ಇಪ್ಪತ್ತು ಮೈಲಿ. ಕೆಂಚಪ್ಪನ ತಗ್ಗಿಸಿದ ತಲೆ. ಅಪ್ಪ ಇದ್ದಿದ್ದರೆ, ಕೂಡಿಸು, ಮೊತ್ತ ಎಷ್ಟು, ಅನ್ನುತ್ತಿದ್ದರು.

ಕೂಡಿಸಿದ್ದೇನೆ. ಇನ್ನೊಂದು ಮನೆ.

೨ ಮಾರ್ಚ್. ಶಿವರಾತ್ರಿ

ಬರೆಯಲು ಮನಸ್ಸೇ ಇರಲಿಲ್ಲ. ನಿನ್ನೆಯ ಅಜ್ಜಂಪುರ — ಎಂಟೂಮುಕ್ಕಾಲು. ಅಳೆದೆ, ಯಾಕೆ ಅಳೆದೆನೋ. ಹುಣ್ಣು ಕೆರೆದುಕೊಂಡ ಹಾಗೆ.

ಉಪವಾಸ. ಇವರು ಗೋಡೆಯ ಕಡೆ ಮುಖ ಮಾಡಿ ಲಿಂಗಪೂಜೆಗೆ ಕೂತಿದ್ದರು. ಮುಂಚೆ ಹೀಗೆ ತಿರುಗಿ ಕೂರುತ್ತಿರಲಿಲ್ಲ. ಎದ್ದು ಬಂದಾಗ ಹಣೆಯ ವಿಭೂತಿ ಪಟ್ಟೆ ವಾರೆ. ಮೂರೂ ಗೆರೆ ಒಂದರ ಮೇಲೊಂದು ಹತ್ತಿಕೊಂಡಿವೆ. ಕನ್ನಡಿ ನೋಡದೆ ದಾರ ಹಿಡಿದ ಹಾಗೆ ನೇರ ಬಳಿದುಕೊಳ್ಳುತ್ತಿದ್ದವರು. ದೇವರ ಮುಂದೆ ಕೂತಾಗಲೂ ಮನಸ್ಸು ಇಲ್ಲಿಲ್ಲ ಅಂತಾಯಿತು.

ಸರಿ ಮಾಡೋಣ ಅಂತ ಕೈ ಎತ್ತಿದೆ. ಹಿಂದಕ್ಕೆ ಸರಿದರು.

ನನ್ನ ಕೈ ತಾಗಬಾರದಷ್ಟು ಆಯಿತಾ?

೭ ಮಾರ್ಚ್

ನಾಳೆ ನಾನೂ ಅಜ್ಜಂಪುರಕ್ಕೆ ಹೋಗುತ್ತೇನೆ. ಶಕುಂತಲಕ್ಕ ಅಲ್ಲೇ ಇದ್ದಾಳೆ, ನನ್ನ ಸ್ವಂತ ಅಕ್ಕ. ನೋಡಿ ವರ್ಷವಾಯಿತು ಅಂದೆ. ಇವರ ಮುಖ ಸಣ್ಣಗಾಯಿತು. "ಬಿಸಿಲು ಕಣೇ. ಧೂಳು. ರೈಲಲ್ಲಿ ಹೋಗು, ಆರಾಮಾಗಿ."

"ಲಾರಿಯಲ್ಲೇ ಬತ್ತೀನಿ."

ಹೆದರಿದ್ದಾರೆ. ಹೆದರಲಿ. ಹತ್ತು ಮೈಲಿ ಆಚೆಯ ಆ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಆಮೇಲೆ ಏನು ಅಂತ ಯೋಚನೆ ಮಾಡಿಲ್ಲ. ಅಪ್ಪನ ಮನೆಯಲ್ಲಿ ಈಗ ಅಣ್ಣನ ಹೆಂಡತಿ. ಹೋಗಲು ಜಾಗವೇ ಇಲ್ಲ ನನಗೆ.

೮ ಮಾರ್ಚ್, ಮಂಗಳವಾರ. ಇನ್ನೂ ಬೆಳಕಾಗಿಲ್ಲ

ಬುತ್ತಿ ಕಟ್ಟಿದೆ. ಬೇಕೆಂದೇ ಮುದ್ದೆ. ಹೊರಟೆ.

೯ ಮಾರ್ಚ್

ಹೇಗೆ ಬರೆಯಲಿ. ಬರೆಯದಿದ್ದರೆ ತಲೆ ಒಡೆಯುತ್ತದೆ. ಆದದ್ದನ್ನು ಆದ ಹಾಗೆ.

ದಿಬ್ಬದಿಂದ ಉರುಳಿಸಿಕೊಂಡು ಚಾಲೂ ಮಾಡಿದರು. ನಾನು ಪಕ್ಕದಲ್ಲಿ, ಕೆಂಚಪ್ಪ ಹಿಂದೆ ಮೂಟೆಗಳ ಮೇಲೆ. ಬೀರೂರಲ್ಲಿ ಕಾಯಿ ಇಳಿಸಲು ನಿಲ್ಲಿಸಿದರು. ಇಂಜಿನ್ ಆಫ್ ಮಾಡಲಿಲ್ಲ. ಕೆಂಚಪ್ಪ ಇಳಿಸಿ, ಕಾಫಿ ಕುಡಿದು, ಯಾರದೋ ಜೊತೆ ಹರಟೆ ಹೊಡೆದು ಬಂದ. ಅಲ್ಲಿಯವರೆಗೂ ಗಡಗಡ ಗಡಗಡ. ನನ್ನ ತಲೆಯಲ್ಲಿ ಬೇರೆ ಯೋಚನೆ ತುಂಬಿತ್ತು, ಅದು ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯಲಿಲ್ಲ.

ಅಜ್ಜಂಪುರದಲ್ಲಿ ಅಕ್ಕನ ಮನೆ ಹತ್ತಿರ ಇಳಿಸಿದರು. ನಾಲ್ಕು ಗಂಟೆಗೆ ಬತ್ತೀನಿ ಅಂದರು. ಅಕ್ಕನ ಹತ್ತಿರ ನೀರು ಕುಡಿದೆ, ಈಗ ಬಂದೆ ಅಂತ ಹೇಳಿ ಹಿತ್ತಲ ಬಾಗಿಲಿಂದ ಹೊರಟೆ. ಸಂತೆ ಮಾಳದ ಕಡೆ. ಲಾರಿ ಹೊರಟಿದ್ದರೆ ಧೂಳಾದರೂ ಕಾಣುತ್ತದೆ, ಯಾವ ದಿಕ್ಕು ಅಂತ ಗೊತ್ತಾಗುತ್ತದೆ ಅಂತ.

ಲಾರಿ ಹೋಗಿರಲಿಲ್ಲ. ಸಂತೆ ಮಾಳದ ಮಟ್ಟಸ ನೆಲದಲ್ಲಿ, ಹುಣಸೆ ಮರದ ಕೆಳಗೆ ನಿಂತಿತ್ತು. ಇಂಜಿನ್ ಓಡುತ್ತಿತ್ತು.

ಕಾಳಿನ ಅಂಗಡಿಯ ಮರೆಯಲ್ಲಿ ನಿಂತೆ. ಇವರು ಸೀಟು ಬಿಟ್ಟು ಕದಲಲಿಲ್ಲ. ಯಾರೂ ಬರಲಿಲ್ಲ. ಇವರೂ ಎಲ್ಲಿಗೂ ಹೋಗಲಿಲ್ಲ. ಕೆಂಚಪ್ಪ ಮೂಟೆ ಇಳಿಸುತ್ತಿದ್ದ, ಏರಿಸುತ್ತಿದ್ದ. ಬಿಸಿಲು ಏರಿತು. ಮರದ ನೆರಳು ಲಾರಿ ಬಿಟ್ಟು ಸರಿಯಿತು. ಇಂಜಿನ್ ಮಾತ್ರ ಗಡಗಡ ಗಡಗಡ. ಆಗ ಇಳಿಯಿತು ಮನಸ್ಸಿಗೆ. ಇಪ್ಪತ್ತು ಮೈಲಿ ಎಲ್ಲೂ ಓಡಿಲ್ಲ. ನನ್ನ ಒಂದೂವರೆ ಗ್ಯಾಲನ್ ನಿಂತಲ್ಲೇ ನಿಂತು ಸುಡುತ್ತಿತ್ತು.

ಇನ್ನೊಂದು ಮನೆ ಇಲ್ಲ. ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ಅತ್ತದ್ದು, ಉಪವಾಸ ಬಿದ್ದದ್ದು, ಗಾಳಿ ಹೊಡೆಸಿದ್ದು, ತಿರುಪು ತಿರುಗಿಸಿದ್ದು — ಒಂದು ಇಂಜಿನ್ ಆಫ್ ಮಾಡಲು ಇವರಿಗಿರುವ ಸೋಮಾರಿತನಕ್ಕಾ?

ನೇರ ಹೋದೆ. ಕಿಟಕಿಯೊಳಗೆ ಕೈ ಹಾಕಿ ಕೀಲಿ ತಿರುಗಿಸಿದೆ. ಇಂಜಿನ್ ನಿಂತಿತು.

ಸಂತೆಯ ಗದ್ದಲವೆಲ್ಲ ಒಮ್ಮೆಗೇ ಕಿವಿಗೆ ಬಂತು.

"ಪೆಟ್ರೋಲ್ ಸುಟ್ಟು ಯಾವ ದೇವರಿಗೆ ಧೂಪ ಹಾಕ್ತಿದೀರಿ?" ಅಂದೆ. ಜನ ತಿರುಗಿ ನೋಡಿದರು. "ಇಳೀರಿ. ಹ್ಯಾಂಡ್ಲು ಹೊಡೆದು ಚಾಲೂ ಮಾಡಿ. ಅದೇನ್ ಕಷ್ಟ ಅಂತ ನಾನೂ ನೋಡ್ತೀನಿ."

ಇವರು ನನ್ನನ್ನು ನೋಡಿದರು. ಆ ನೋಟ ಈಗಲೂ ಕಣ್ಣಿಗೆ ಕಟ್ಟಿದೆ. ಇಳಿದು ಮುಂದೆ ಬಂದರು. ಹ್ಯಾಂಡಲ್ ಹಿಡಿದರು, ಬಲಗೈಯಲ್ಲಿ. ಬೆರಳು ಮುಚ್ಚಲೇ ಇಲ್ಲ. ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಹ್ಯಾಂಡಲ್ಲಿನ ಮೇಲೆ ಮಡಿಸಿದರು. ಎತ್ತಲು ಹೋದರು. ಮುಖ ಬಿಳುಚಿ, ಮೊಣಕಾಲು ಊರಿ ಅಲ್ಲೇ ಕೂತುಬಿಟ್ಟರು. ಅಂಗಿಯ ತೋಳು ಮೇಲೆ ಸರಿದಿತ್ತು. ಮಣಿಕಟ್ಟಿನ ಹತ್ತಿರ ಮೂಳೆ ಒಂದು ಕಡೆಗೆ ಉಬ್ಬಿ, ಕೈ ಇನ್ನೊಂದು ಕಡೆಗೆ ವಾಲಿದೆ.

ಎರಡು ತಿಂಗಳಿಂದ ಇವರು ಮನೆಯಲ್ಲೂ ಉದ್ದ ತೋಳಿನ ಅಂಗಿ ತೆಗೆದಿರಲಿಲ್ಲ. ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಕೆಂಚಪ್ಪ ಮೂಟೆ ಬಿಸಾಕಿ ಓಡಿ ಬಂದ. ಅವನೇ ಎಲ್ಲ ಹೇಳಿದ. ಸಂಕ್ರಾಂತಿಗೆ ಮುಂಚೆ ತರೀಕೆರೆಯಲ್ಲಿ ಹ್ಯಾಂಡಲ್ ಹೊಡೆಯುವಾಗ ಇಂಜಿನ್ ಹಿಂದಕ್ಕೆ ಒದ್ದಿದೆ. ಅವಸರದಲ್ಲಿ ಸ್ಟಿಯರಿಂಗಿನ ಪಕ್ಕದ ಸ್ಪಾರ್ಕಿನ ಲಿವರ್ ಮೇಲಕ್ಕೆ ಎತ್ತಲು ಮರೆತಿದ್ದರಂತೆ; ಎತ್ತದಿದ್ದರೆ ಕಿಡಿ ಬೇಗ ಹಾರಿ ಹ್ಯಾಂಡಲ್ ಒದೆಯುತ್ತದೆ. ಕಬ್ಬಿಣದ ಹ್ಯಾಂಡಲ್ ತಿರುಗಿ ಬಂದು ಮಣಿಕಟ್ಟಿಗೇ ಬಡಿದಿದೆ.

"ಮೂಳೆ ಲಟ್ ಅಂದಿದ್ದು ನಂಗೇ ಕೇಳಿಸ್ತು ಅಮ್ಮಾರೇ. ಅವತ್ನಿಂದ ನಾನೂ ಆ ಹ್ಯಾಂಡ್ಲು ಮುಟ್ಟಕಿಲ್ಲ. ತರೀಕೆರೇಲಾದ್ರೆ ಇಳಿಜಾರೈತೆ, ಆಫ್ ಮಾಡಿ ಉರುಳಿಸ್ಕಂಡ್ ಹೊರಡ್ತೀವಿ, ಇಲ್ಲಿ ಮಟ್ಟಸ ನೆಲ, ಅದ್ಕೇ ಆಫ್ ಮಾಡಕಿಲ್ಲ. ಯಾರ್ಗೂ ಹೇಳ್ಬ್ಯಾಡ ಅಂತ ಯಜಮಾನ್ರು ಆಣೆ ಹಾಕಿಸ್ಕಂಡವ್ರೆ."

ಆಗ ನನಗೆ ಇವರು ಉಳುಕು ಅಂದಿದ್ದರು. ವೈದ್ಯರಿಗೆ ತೋರಿಸಿದೆ, ವಾಸಿಯಾಯಿತು ಅಂದಿದ್ದರು. ಯಾರಿಗೂ ತೋರಿಸಿಲ್ಲ. ತೋರಿಸಿದರೆ ಸುದ್ದಿ ಅಣ್ಣನ ಕಿವಿಗೆ, ಅಣ್ಣನ ಕಿವಿಗೆ ಬಿದ್ದರೆ ಲಾರಿ ಗಿರಾಕಿಯ ಕೈಗೆ.

ಹುಣಸೆ ಮರಕ್ಕೆ ಒರಗಿಸಿ ಕೂರಿಸಿದೆ. ನೀರು ಕುಡಿಸಿದೆ. "ನನಗ್ಯಾಕೆ ಹೇಳಲಿಲ್ಲ?"

"ನಿನಗೆ ಗೊತ್ತೈತೆ ಅಂದ್ಕಂಡಿದ್ದೆ."

"ನನಗೆ ಹೆಂಗ್ ಗೊತ್ತು?"

"ಅವತ್ತು ಎತ್ತು ಎಳ್ಕಂಡ್ ಬಂದ ದಿನ ನೀನೇ ಅಂದ್ಯಲ್ಲ. ಕೈಲಾಗದವರು ಅಂತ. ಕೈ ನೋಡೇ ಅಂದೆ ಅಂದ್ಕಂಡೆ ಕಣೇ."

ಊರಿಗೆಲ್ಲ ಅನ್ನುವ ಮಾತು ಅದು. ಸೊಪ್ಪಿನವನಿಗೆ ಅಂದಿದ್ದೇನೆ. ಕೆಂಚಪ್ಪನಿಗೆ ದಿನಕ್ಕೆ ಎರಡು ಸಲ ಅನ್ನುತ್ತೇನೆ. ಇವರು ಅದನ್ನು ಕಿವಿಗೆ ಬಿದ್ದ ಹಾಗೇ ತೆಗೆದುಕೊಂಡರು. ಕೈ ಆಗದವನು. ಹೆಂಡತಿಗೆ ಗೊತ್ತಾಗಿದೆ, ಗೊತ್ತಿದ್ದೂ ಚುಚ್ಚುತ್ತಾಳೆ ಅಂತ ಇಷ್ಟು ದಿನ ನನ್ನ ಪಕ್ಕದಲ್ಲೇ ಮಲಗಿ ಎದ್ದರು. ಮುದ್ದೆ ಮುರಿಯಲು, ಉಂಡೆ ಮಾಡಿ ಅದ್ದಲು ಕೈ ಬರುವುದಿಲ್ಲ; ಅನ್ನವಾದರೆ ಬೆರಳ ತುದಿಯಲ್ಲೇ ಗೋರಿಕೊಳ್ಳಬಹುದು. ನನ್ನ ಮುಂದೆ ಎಡಗೈಯಲ್ಲಿ ತಿನ್ನಲು ನಾಚಿಕೆ. ವಿಭೂತಿಯೂ ಎಡಗೈದು. ಅದಕ್ಕೇ ವಾರೆ.

ಬುತ್ತಿ ಬಿಚ್ಚಿದೆ. ಸಂತೆಯ ಜನ ನೋಡುತ್ತಿದ್ದರು. ನೋಡಲಿ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗೆ ಇಟ್ಟೆ. ಬೇಡ ಅನ್ನಲಿಲ್ಲ. ನುಂಗಿದರು. ಕಣ್ಣಲ್ಲಿ ನೀರು ಬಂತು, ಖಾರ ಅಂದರು.

ಸಂತೆಗೆ ಬಂದವರು ಹತ್ತು ಜನ ತಳ್ಳಿದರು. ಮನೆಗೆ ಬಂದೆವು.

೧೪ ಮಾರ್ಚ್. ಚಿಕ್ಕಮಗಳೂರು

ದೊಡ್ಡಾಸ್ಪತ್ರೆ. ವಾರೆಯಾಗಿ ಕೂಡಿಕೊಂಡ ಮೂಳೆಯನ್ನು ಮತ್ತೆ ಮುರಿದು ಕೂಡಿಸಿದ್ದಾರೆ. ಮತ್ತು ಬರಿಸಿ ಮಾಡಿದರಂತೆ, ಗೊತ್ತಾಗಲಿಲ್ಲ ಅಂದರು ಇವರು. ಬಾಗಿಲ ಹೊರಗೆ ನಿಂತಿದ್ದ ನನಗೆ ಎಲ್ಲ ಗೊತ್ತಾಯಿತು. ಮೊಣಕೈವರೆಗೂ ಸುಣ್ಣದ ಪಟ್ಟಿ. ಬೆರಳ ತುದಿ ಮಾತ್ರ ಹೊರಗಿವೆ.

ಡಾಕ್ಟರು ಬಿಡಿಸಿ ಹೇಳಿದರು. ಉಣ್ಣಬಹುದು, ಬರೆಯಬಹುದು, ಸ್ಟಿಯರಿಂಗ್ ಹಿಡಿಯಬಹುದು. ಹ್ಯಾಂಡಲ್ ಮಾತ್ರ ಈ ಜನ್ಮದಲ್ಲಿ ಬೇಡ.

ಇವರು ಗೋಡೆ ಕಡೆ ತಿರುಗಿದರು. "ಮುಗೀತು ಬಿಡು."

ಒಂದು ಯೋಚನೆ ಬಂದಿದೆ. ಬರೆಯಲೂ ಭಯ.

೨೩ ಮಾರ್ಚ್

ಕಡೂರು. ಲಾರಿ ಮನೆ ಮುಂದೆ ನಿಂತಿದೆ. ನಾನೇ ತಳ್ಳಿಸಿ ತರಿಸಿದೆ. ಮಟ್ಟಸ ನೆಲ.

ಇವರು ಸೀಟಿನಲ್ಲಿ ಕೂತು ಹೇಳಿಕೊಡುತ್ತಾರೆ, ನಾನು ಮುಂದೆ. ಮೊದಲು ಸ್ಪಾರ್ಕಿನ ಲಿವರ್ ಮೇಲಕ್ಕೆ — ಅದು ಇವರ ಕೆಲಸ. ನಾನು ಕೇಳಬೇಕು, ಇವರು "ಎತ್ತಿದೀನಿ" ಅನ್ನಬೇಕು. ಆಮೇಲೇ ಹ್ಯಾಂಡಲ್ ಮುಟ್ಟುವುದು. ಹೆಬ್ಬೆರಳು ಸುತ್ತಬಾರದು, ಬೇರೆ ಬೆರಳುಗಳ ಪಕ್ಕಕ್ಕೇ ಇರಬೇಕು. ಕೆಳಕ್ಕೆ ಒತ್ತಬಾರದು, ಕೆಳಗಿಂದ ಮೇಲಕ್ಕೆ ಎಳೆಯಬೇಕು. ಅದೂ ಎಡಗೈಯಲ್ಲಿ. ಒದ್ದರೆ ಕೈ ತಾನಾಗೇ ಬಿಟ್ಟುಕೊಳ್ಳುತ್ತದೆ.

ಮೊದಲ ದಿನ ಹ್ಯಾಂಡಲ್ ಅಲ್ಲಾಡಲೂ ಇಲ್ಲ. ಎರಡನೇ ದಿನ ಅರ್ಧ ಸುತ್ತು. ಭುಜ ಬಿಟ್ಟು ಹೋಗುವ ಹಾಗೆ ನೋವು. ಸಾವಿತ್ರಮ್ಮ ಬಾಗಿಲಲ್ಲೇ ನಿಂತಿರುತ್ತಾಳೆ. ಇವತ್ತು ಸೆರಗು ಬಾಯಿಗೆ ಒತ್ತಿಕೊಂಡಿರಲಿಲ್ಲ. "ಸೊಂಟಕ್ಕೆ ಬಿಗಿಯಾಗಿ ಕಟ್ಕಳ್ರೀ, ಬಾವಿ ಸೇದ್ದಂಗೆ ಸೇದಿ" ಅಂದಳು.

ಬಾವಿ ಸೇದಿದ ಹಾಗೆ ಸೇದಿದೆ. ಒಮ್ಮೆ ಕೆಮ್ಮಿತು. ನಿಂತಿತು. ಆದರೆ ಕೆಮ್ಮಿತು.

೩ ಏಪ್ರಿ‌ಲ್. ಯುಗಾದಿ

ಬೇವು ಬೆಲ್ಲ ಬಾಯಲ್ಲಿ ಇರುವಾಗಲೇ ಭಾವ ಬಂದರು. ಜಗುಲಿಯ ಮೇಲೆ ಕೂತು ತಮ್ಮನ ಸುಣ್ಣದ ಕೈ ನೋಡಿದರು. "ನನಗೊಂದ್ ಮಾತ್ ಹೇಳ್ಬಾರ್ದಿತ್ತೇನೋ" ಅಂದರು, ಮೆತ್ತಗೆ. ಆಮೇಲೆ, "ಆಯ್ತು, ಇನ್ನು ಗಾಡಿ ಇಟ್ಕಂಡು ಏನ್ ಮಾಡ್ತೀಯಪ್ಪಾ, ಮಾರಿಬಿಡಾಣ."

ಇಷ್ಟು ವರ್ಷ ಅವರೆದುರು ಬಾಗಿಲ ಮರೆಯಲ್ಲೇ ನಿಂತವಳು. ಅಂಗಳಕ್ಕೆ ಇಳಿದೆ. ಇವರು ಏನೂ ಕೇಳದೆ ಹೋಗಿ ಸೀಟಿನಲ್ಲಿ ಕೂತರು. ಸೆರಗು ಸೊಂಟಕ್ಕೆ ಕಟ್ಟಿದೆ.

"ಲಿವರ್?"

"ಎತ್ತಿದೀನಿ."

ಒಂದು. ಎರಡು. ಮೂರನೇದಕ್ಕೆ ಲಾರಿ ಮೈ ಕೊಡವಿ ಎದ್ದಿತು.

ಭಾವ ಎದ್ದು ನಿಂತಿದ್ದರು. "ಹೆಂಗಸು ಹ್ಯಾಂಡ್ಲು ಹೊಡದ್ರೆ ನಾಕ್ ಜನ ಏನಂತಾರಮ್ಮಾ?"

"ಎತ್ತು ಎಳೆಯೋದಕ್ಕಿಂತ ವಾಸಿ ಅಂತಾರೆ ಭಾವ."

ಎದುರು ಮನೆಯಿಂದ ಸಾವಿತ್ರಮ್ಮ ಜೋರಾಗಿ ನಕ್ಕಳು. ಭಾವನ ಮೀಸೆಯೂ ಅಲ್ಲಾಡಿದ ಹಾಗೆ ಕಂಡಿತು. ಗಿರಾಕಿಯ ಮಾತು ಮತ್ತೆ ಎತ್ತಲಿಲ್ಲ. ಒಬ್ಬಟ್ಟು ತಿಂದು ಹೋದರು.

೧೩ ಏಪ್ರಿ‌ಲ್

ನಿನ್ನೆ ಅಜ್ಜಂಪುರ. ಇವರು ನಿಧಾನಕ್ಕೆ, ಪಟ್ಟಿಯ ಹೊರಗಿನ ಬೆರಳಲ್ಲೇ ವೇಗ ಹೆಚ್ಚು ಕಡಿಮೆ ಮಾಡುವ ಪೆಟ್ರೋಲ್ ಲಿವರ್ ಸರಿಸಿಕೊಂಡು ನಡೆಸಿದರು. ನಿಂತ ಕಡೆಯೆಲ್ಲ ಆಫ್. ಹೊರಡುವ ಕಡೆಯೆಲ್ಲ ನಾನು ಇಳಿದು ಹ್ಯಾಂಡಲ್. ಸಂತೆಯಲ್ಲಿ ಹುಡುಗರು, ಮುದುಕರು, ಬಳೆಗಾರರು — ಸುತ್ತ ಗುಂಪು. ಎರಡನೇ ಏಟಿಗೇ ಚಾಲೂ ಆಯಿತು. ಇವರು ಮೀಸೆ ತಿರುವಿದರು. ನನ್ನ ಏಟಿಗೆ ಇವರ ಮೀಸೆ.

ಬಂದು ಮನೆ ಮುಂದೆ ಮಟ್ಟಸ ನೆಲದಲ್ಲಿ ಕಡ್ಡಿ ಅದ್ದಿದೆ. ಹದಿಮೂರು. ಮೂವತ್ತಾರು ಮೈಲಿಗೆ ಹದಿಮೂರರ ಲೆಕ್ಕ.

ಹದಿನಾಲ್ಕು ಆಗಬೇಕು. ತಿರುಪು ಇನ್ನೊಂದು ಕೂದಲೆಳೆ ಬಿಗಿ ಮಾಡಿ ನೋಡಬೇಕು. ಮನಸ್ಸು ನಿಲ್ಲುತ್ತಿಲ್ಲ.

೨೯ ಏಪ್ರಿ‌ಲ್, ಶುಕ್ರವಾರ. ಸಂಜೆ

ಪಟ್ಟಿ ತೆಗೆದು ಮೂರು ದಿನ. ಕೈ ಸಣಕಲಾಗಿದೆ, ಚರ್ಮ ಬೆಳ್ಳಗೆ. ಬೆಳಿಗ್ಗೆ ಎಣ್ಣೆ ಹಚ್ಚಿ ನೀವುತ್ತೇನೆ. ಹಿಂದಕ್ಕೆ ಸರಿಯುವುದಿಲ್ಲ ಈಗ. ಊಟ ಇನ್ನೂ ಅನ್ನವೇ. ನಾನೂ ಒತ್ತಾಯ ಮಾಡಿಲ್ಲ. ತುತ್ತು ಮಾಡಿ ಕೊಡಲಾ ಅಂದರೆ ಬೇಡ ಅನ್ನುತ್ತಾರೆ.

ಇವತ್ತು ತರೀಕೆರೆಗೆ ಹೋಗಿ ಬಂದೆವು. ಮಿಕ್ಸ್ಚರ್ ಬಿಗಿ ಮಾಡಿದ ಮೇಲೆ ಮೊದಲ ಸಲ. ಕಡ್ಡಿ ಅದ್ದಿ ಬಂದು ಲೆಕ್ಕಕ್ಕೆ ಕೂತಿದ್ದೆ. ನಲವತ್ತು ಮೈಲಿ, ಎರಡೂ ಮುಕ್ಕಾಲು ಗ್ಯಾಲನ್ನಿಗೆ ಒಂದಿಷ್ಟು ಮೇಲೆ. ಭಾಗಿಸಿದರೆ...

ಅಡುಗೆಮನೆ ಬಾಗಿಲಲ್ಲಿ ಬಂದು ನಿಂತರು. ಬಲಗೈ ಬೆರಳು ಮಡಿಸಿ, ಬಿಚ್ಚಿ, ಮಡಿಸಿ ನೋಡಿಕೊಳ್ಳುತ್ತಾ.

"ಮುದ್ದೆ ಐತೇನೇ?"

ಇರಲಿಲ್ಲ. ಅನ್ನ ಮಾಡಿದ್ದೆ. ಐತೆ ಕೂತ್ಕಳಿ ಅಂದೆ. ಎಸರು ಇಟ್ಟು ಬಂದು ಬರೆಯುತ್ತಿದ್ದೇನೆ. ತಟ್ಟೆ ತಾವೇ ಹಾಕಿಕೊಂಡು ಕೂತಿದ್ದಾರೆ. ಗೋಡೆಯ ಕಡೆಗಲ್ಲ, ನನ್ನ ಕಡೆ ಮುಖ ಮಾಡಿ. ಭಾಗಿಸಿದರೆ ಹದಿನಾಲ್ಕಕ್ಕೂ — ಕುದಿ ಬಂತು, ಹಿಟ್ಟು ಹಾಕ—